4.2 ವೋಲ್ಟಿಗೆ ನಿಲ್ಲಿಸಿ

ನಮಸ್ಕಾರ. ರೇಡಿಯೊ ಹಾಕಿಕೊಂಡು ಸೋಲ್ಡರಿಂಗ್ ಮಾಡುತ್ತಾ ಕೂತಿರುವ ಹುಡುಗ ಹುಡುಗಿಯರಿಗೂ, ಪಕ್ಕದಲ್ಲಿ ನಿಂತು "ಇದೇನೋ ಹೊಗೆ ಬರ್ತಿದೆ" ಅಂತ ಗದರುತ್ತಿರುವ ಅಮ್ಮಂದಿರಿಗೂ ಈ ಮಾತು.

ಮನೆಯಲ್ಲೇ ಜೋಡಿಸಿದ ರೇಡಿಯೊ, ಸ್ಪೀಕರ್, ಟಾರ್ಚ್, ಇಂಥವಕ್ಕೆ ರೀಚಾರ್ಜ್ ಬ್ಯಾಟರಿ ಹಾಕುವುದು ಹೇಗೆ ಅನ್ನುವುದು ವಿಷಯ. ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ ದೊಡ್ಡದು. ಹಾಗಾಗಿ ಒಂದೇ ಮಾತು ಹಿಡಿದುಕೊಂಡು ಬಂದಿದ್ದೇನೆ. ಮತ್ತೆ ಮತ್ತೆ ಅದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲಿಥಿಯಂ ಸೆಲ್ಲಿನ ಚಾರ್ಜು 4.2 ವೋಲ್ಟ್ ದಾಟಬಾರದು. ಅದನ್ನು ನೋಡಿಕೊಳ್ಳುವ ಬೋರ್ಡ್ ಇಲ್ಲದೆ ಸೆಲ್ಲನ್ನು ಚಾರ್ಜಿಗೆ ಹಾಕಬಾರದು.

ಯಾವ ಸೆಲ್ಲು ಅಂದರೆ, 18650. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಪೆನ್ಸಿಲ್ ಸೆಲ್ಲಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದ. ಪೆನ್ಸಿಲ್ ಸೆಲ್ಲು ಕೊಡುವುದು 1.5 ವೋಲ್ಟ್, ಇದು ಒಂದೇ 3.7 ವೋಲ್ಟ್ ಕೊಡುತ್ತದೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿದ್ದ ಮೂವರು ವಿಜ್ಞಾನಿಗಳಿಗೆ, ಅಂದರೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ, 2019ರಲ್ಲಿ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ! ಅಷ್ಟು ವಯಸ್ಸಿನಲ್ಲಿ ನೊಬೆಲ್ ತಗೊಂಡವರು ಇನ್ನೊಬ್ಬರಿಲ್ಲ. ಈ ಸೆಲ್ಲಿನ ಬಗ್ಗೆ ನನಗೆ ಎಷ್ಟು ಮಾತಾಡಿದರೂ ಸಾಲದು. ಇರಲಿ.

ಒಂದು ಕಥೆ ಹೇಳಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗ, ತಿಪಟೂರು ಕಡೆಯ ಹಳ್ಳಿಯವನು. ಅವನ ಅಜ್ಜಿಗೆ ರೇಡಿಯೊ ಅಂದರೆ ಪ್ರಾಣ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗಲೂ ಪಕ್ಕದಲ್ಲಿ ಹಾಡು ಬರುತ್ತಿರಬೇಕು. ಇವನು ಅಜ್ಜಿಗೋಸ್ಕರ ಒಂದು ಎಫ್ಎಂ ಬೋರ್ಡು, ಒಂದು ಪುಟ್ಟ ಸ್ಪೀಕರ್ ತಂದು ಪ್ಲಾಸ್ಟಿಕ್ ಊಟದ ಡಬ್ಬಿಯೊಳಗೆ ಕೂರಿಸಿದ. ಕೆಟ್ಟುಹೋದ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಅದರೊಳಗಿನ ಒಂದು ಸೆಲ್ಲು ಹಾಕಿದ. ಒಳ್ಳೆಯ ಕೆಲಸ, ನಾನೂ ಬೆನ್ನು ತಟ್ಟಿದೆ. ಡಬ್ಬಿಯ ಮುಚ್ಚಳಕ್ಕೆ ಬಿಸಿ ಮೊಳೆಯಿಂದ ಸಾಲಾಗಿ ತೂತು ಕೊರೆದಿದ್ದ, ಸದ್ದು ಹೊರಗೆ ಬರಲಿ ಅಂತ. ಎಷ್ಟು ಚಂದ ಇತ್ತು ಅಂತೀರಿ!

ಕೆಲವು ವಾರ ಬಿಟ್ಟು ಅದೇ ಡಬ್ಬಿ ಹಿಡಿದುಕೊಂಡು ಬಂದ. "ಸಾರ್, ಹಾಡು ಬರ್ತಾ ಬರ್ತಾ ಬೇಗ ನಿಂತುಹೋಗುತ್ತೆ. ಚಾರ್ಜ್ ಹಾಕಿದ್ರೆ ಡಬ್ಬಿ ಬಿಸಿ ಆಗುತ್ತೆ" ಅಂದ. ಮುಚ್ಚಳ ತೆಗೆದು ನೋಡಿದೆ. ಮೊಬೈಲ್ ಚಾರ್ಜರಿನ ವೈರು ಕತ್ತರಿಸಿ, ಕೆಂಪನ್ನು ಸೆಲ್ಲಿನ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಬೆಸೆದುಬಿಟ್ಟಿದ್ದಾನೆ! ನಡುವೆ ಏನೂ ಇಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟೆ. 4.5 ವೋಲ್ಟ್ ತೋರಿಸಿತು. ಸೆಲ್ಲಿನ ಮೇಲಿನ ನೇರಳೆ ಸುತ್ತು ಒಂದು ಕಡೆ ಸುಕ್ಕುಗಟ್ಟಿತ್ತು.

"ಏನಪ್ಪಾ ಇದು?" ಅಂದೆ. "ಮೊಬೈಲ್ ಚಾರ್ಜರೇ ಅಲ್ವಾ ಸಾರ್? ಮೊಬೈಲಿನಲ್ಲೂ ಲಿಥಿಯಂ ಬ್ಯಾಟರಿನೇ ಅಲ್ವಾ?" ಅಂದ.

ಕೇಳುಗರೇ, ಇಲ್ಲಿ ಕಿವಿ ಕೊಡಿ. ಈ ತಪ್ಪು ತಿಳಿವಳಿಕೆ ಊರಿಗೆಲ್ಲ ಇದೆ. ನಾವು ಗೋಡೆಗೆ ಸಿಕ್ಕಿಸುವ ಆ ಬಿಳಿ ಡಬ್ಬಿ ಸುಮ್ನೆ 5 ವೋಲ್ಟ್ ಕೊಡುತ್ತದೆ, ಅಷ್ಟೇ. ಎಷ್ಟು ತುಂಬಿಸಬೇಕು, ಯಾವಾಗ ನಿಲ್ಲಿಸಬೇಕು ಅಂತ ನೋಡುವ ಸರ್ಕ್ಯೂಟ್ ಇರುವುದು ಮೊಬೈಲ್ ಒಳಗೆ. ಲ್ಯಾಪ್‌ಟಾಪ್ ಬ್ಯಾಟರಿಯೊಳಗೂ ಒಂದು ಕಾವಲು ಸರ್ಕ್ಯೂಟ್ ಇತ್ತು. ನಮ್ಮ ಹುಡುಗ ಸೆಲ್ಲು ಕಿತ್ತುಕೊಂಡು ಆ ಕಾವಲನ್ನು ಕಸಕ್ಕೆ ಎಸೆದಿದ್ದ.

4.2 ದಾಟಿದರೆ ಏನಾಗುತ್ತದೆ? ಸೆಲ್ಲಿನೊಳಗಿನ ದ್ರವ ಬೆಂಕಿ ಹತ್ತಿಕೊಳ್ಳುವಂಥದ್ದು. ಜಾಸ್ತಿ ತುಂಬಿಸಿ ಬಿಸಿಯಾಯಿತು ಅಂದರೆ ಪ್ಲಸ್ ಕಡೆಯ ವಸ್ತುವಿನಿಂದ ಆಮ್ಲಜನಕ ಬಿಡುಗಡೆಯಾಗುತ್ತದೆ. ಉರಿಯುವ ದ್ರವವೂ ಅಲ್ಲೇ, ಉರಿಸುವ ಆಮ್ಲಜನಕವೂ ಅಲ್ಲೇ. ಮುಚ್ಚಿದ ಉಕ್ಕಿನ ಕೊಳವೆಯೊಳಗೆ! ಆ ಡಬ್ಬಿ ರಾತ್ರಿ ಚಾರ್ಜಿಗೆ ಇರುತ್ತಿದ್ದದ್ದು ಅಜ್ಜಿಯ ಹಾಸಿಗೆ ಪಕ್ಕದಲ್ಲಿ. "ಇಷ್ಟು ದಿನ ಏನೂ ಆಗಿಲ್ಲ ಸಾರ್" ಅಂದ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಸೆಲ್ಲನ್ನು ಅಂಗಳಕ್ಕೆ ಒಯ್ದು ಮರಳಿನ ಬಾಣಲಿಯಲ್ಲಿ ಇಟ್ಟೆ. ಹೊಸ ಸೆಲ್ಲು, ಒಂದು ಚಾರ್ಜಿಂಗ್ ಬೋರ್ಡು ಹಾಕಿಸಿದೆ. ಆಮೇಲೆ ಅಜ್ಜಿ ಫೋನ್ ಮಾಡಿದರು. "ಮೇಷ್ಟ್ರೇ, ಮುಂಚೆ ಬೆಳಗಾಗೋ ಹೊತ್ತಿಗೆ ಚೆನ್ನಾಗಿ ಬೆಚ್ಚಗಿರ್ತಿತ್ತು. ಈಗ ತಣ್ಣಗಿರುತ್ತೆ. ಕರೆಂಟು ಹಿಡೀತಿಲ್ಲವೇನೋ" ಅಂದರು. ಇಲ್ಲಮ್ಮ, ಹೊಟ್ಟೆ ತುಂಬಿದ ಮೇಲೆ ಈಗ ಅದು ಬೇಡ ಅನ್ನುವುದು ಕಲಿತಿದೆ ಅಂದೆ.

ಕಥೆ ಉದ್ದ ಆಯಿತು. ಬೋರ್ಡಿಗೆ ಬರೋಣ.

ಅಂಗಡಿಯಲ್ಲಿ ಟಿಪಿ4056 ಚಾರ್ಜಿಂಗ್ ಬೋರ್ಡ್ ಅಂತ ಕೇಳಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ರಾಶಿ ರಾಶಿ ಸಿಗುತ್ತದೆ. ಬೇರೆ ಊರಿನವರು ಆನ್‌ಲೈನ್ ತರಿಸಿ. 30–40 ರೂಪಾಯಿ. ಹೆಬ್ಬೆರಳಿನಷ್ಟು ಅಗಲದ ಬೋರ್ಡು, ಒಂದು ತುದಿಗೆ ಯುಎಸ್‌ಬಿ ಕಿಂಡಿ. ಇನ್ನೊಂದು ತುದಿ ನೋಡಿ. ಬಿ ಪ್ಲಸ್, ಬಿ ಮೈನಸ್, ಔಟ್ ಪ್ಲಸ್, ಔಟ್ ಮೈನಸ್, ನಾಲ್ಕೂ ಬರೆದಿರಬೇಕು. ಔಟ್ ಅಂತ ಬರೆದಿಲ್ಲವೋ, ಅದು ಪ್ರೊಟೆಕ್ಷನ್, ಅಂದರೆ ಆಗ ಹೇಳಿದೆನಲ್ಲ ಆ ಕಾವಲು ಸರ್ಕ್ಯೂಟ್, ಇಲ್ಲದ ಬೋರ್ಡು, ಅಲ್ಲೇ ವಾಪಸ್ ಕೊಡಿ. "ಎರಡೂ ಒಂದೇ, ತಗೊಳ್ಳಿ" ಅಂತಾರೆ ಅಂಗಡಿಯವರು. ಎರಡೂ ಒಂದೇ ಅಲ್ಲ.

ಬಿ ಅಂದಲ್ಲಿ ಸೆಲ್ಲು, ಔಟ್ ಅಂದಲ್ಲಿ ನಿಮ್ಮ ರೇಡಿಯೊ. ಇಷ್ಟೇ ಕೆಲಸ. ಉಳಿದದ್ದು ಬೋರ್ಡು ನೋಡಿಕೊಳ್ಳುತ್ತದೆ. ನಲ್ಲಿಯಲ್ಲಿ ಕೊಡಕ್ಕೆ ನೀರು ಹಿಡಿಯುವಾಗ ಮೊದಲು ಪೂರ್ತಿ ಬಿಟ್ಟು, ಕಂಠದ ಹತ್ತಿರ ಬಂದಾಗ ಸಣ್ಣಗೆ ಮಾಡುತ್ತೀರಿ ಅಲ್ವಾ? ಇದೂ ಹಾಗೇ. ಮೊದಲು 1 ಆಂಪಿಯರ್ ಬಿಡುತ್ತದೆ, 4.2 ವೋಲ್ಟ್ ಮುಟ್ಟಿದ ಮೇಲೆ ಕಡಿಮೆ ಮಾಡುತ್ತಾ ಬಂದು, ಹತ್ತನೇ ಒಂದು ಭಾಗಕ್ಕೆ ಇಳಿದಾಗ ನಿಲ್ಲಿಸುತ್ತದೆ. ಕೆಂಪು ದೀಪ ಹೋಗಿ ನೀಲಿಯೋ ಹಸಿರೋ ಬರುತ್ತದೆ. ಚಾರ್ಜ್ ಆಗುವಾಗ ರೇಡಿಯೊ ಆಫ್ ಮಾಡಿಡಿ. ರೇಡಿಯೊ ಎಳೆದುಕೊಳ್ಳುತ್ತಿದ್ದರೆ ಸೆಲ್ಲು ತುಂಬಿದ್ದು ಬೋರ್ಡಿಗೆ ಗೊತ್ತಾಗುವುದಿಲ್ಲ.

ಮತ್ತೆ ಹೇಳುತ್ತೇನೆ. 4.2 ವೋಲ್ಟ್. ಬೋರ್ಡ್ ಇಲ್ಲದೆ ಚಾರ್ಜ್ ಬೇಡ.

ಸಮಯ ಇಲ್ಲ, ಉಳಿದದ್ದು ಬೇಗ ಬೇಗ. ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಎಂಎಎಚ್, ಅಂದರೆ ಮಿಲಿ ಆಂಪಿಯರ್ ಗಂಟೆ. ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಅಚ್ಚಾಗಿದ್ದರೆ ಸುಳ್ಳು. 18650 ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ಲು ಸಾಮಾನ್ಯವಾಗಿ 2000ದಿಂದ 3500 ಎಂಎಎಚ್. 2000 ಎಂಎಎಚ್ ಸೆಲ್ಲು, 100 ಮಿಲಿ ಆಂಪಿಯರ್ ತಿನ್ನುವ ರೇಡಿಯೊ ಅಂದರೆ ಲೆಕ್ಕಕ್ಕೆ 20 ಗಂಟೆ. ನೀವು 16 ಅಂತ ಇಟ್ಟುಕೊಳ್ಳಿ.

ನಿಮ್ಮ ಸರ್ಕ್ಯೂಟಿಗೆ 5 ವೋಲ್ಟ್ ಬೇಕಾದರೆ ಔಟ್ ಕಡೆ ವೋಲ್ಟೇಜ್ ಏರಿಸುವ ಒಂದು ಬೂಸ್ಟ್ ಬೋರ್ಡ್ ಸೇರಿಸಿ. ಸುಮ್ನೆ 7805 ಅನ್ನುವ ಐಸಿ ಹಾಕಿ ಒದ್ದಾಡಬೇಡಿ. ಅದು ವೋಲ್ಟೇಜ್ ಇಳಿಸುವ ಸಾಮಾನು, ಏರಿಸುವುದಲ್ಲ.

ಕೆಳಗೂ ಒಂದು ಗೆರೆ ಇದೆ. 3 ವೋಲ್ಟಿಗೆ ಬಂದರೆ ಸೆಲ್ಲು ಖಾಲಿ ಅಂತಲೇ ತಿಳಿಯಿರಿ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು 2 ವೋಲ್ಟಿಗೂ ಕೆಳಗೆ ಹೋದ ಸೆಲ್ಲನ್ನು ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಅಂಥದ್ದು, ಉಬ್ಬಿದ್ದು, ಸುತ್ತು ಹರಿದದ್ದು, ಎಲ್ಲವನ್ನೂ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಜಜ್ಜಿದಾಗ ಹೊತ್ತಿಕೊಂಡರೆ ಪಾಪ ಪೌರಕಾರ್ಮಿಕರ ಕೈ ಸುಡುತ್ತದೆ.

ಕೊನೆಯದು. ಸೆಲ್ಲಿನ ಮೈಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗಿನ ಸೀಲು ಹಾಳಾಗುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಸಿಗುತ್ತದೆ, ಅದರ ವೈರನ್ನು ಬೋರ್ಡಿಗೆ ಬೆಸೆಯಿರಿ. ಸೆಲ್ಲು ಕೂರಿಸುವ ಮುಂಚೆ ಪ್ಲಸ್ ಯಾವ ಕಡೆ ಅಂತ ಎರಡು ಸಲ ನೋಡಿ. ಉಲ್ಟಾ ಹಾಕಿದರೆ ಬೋರ್ಡು ಅಲ್ಲೇ ಸುಟ್ಟು ವಾಸನೆ ಬರುತ್ತದೆ, ಮತ್ತೆ 40 ರೂಪಾಯಿ ಖರ್ಚು. ನಮಸ್ಕಾರ.