ಗೌರಿ ಹೂವೂ ಮನೆಯ ಬೆಕ್ಕೂ

ಎಲ್ಲರಿಗೂ ನಮಸ್ಕಾರ. ಸಂಘದವರು ಕೊಟ್ಟ ವಿಷಯ ‘ಸಾಕುಪ್ರಾಣಿಗಳ ಆರೈಕೆ’. ಅದು ಹಾಗಿರಲಿ. ನಾಡಿದ್ದು ಗೌರಿ ಹಬ್ಬ, ಇಲ್ಲಿ ಕೂತವರಲ್ಲಿ ಅರ್ಧ ಜನರ ಮನೆಗೆ ನಾಳೆ ಕಾಡಂಚಿನ ಬೇಲಿಯಿಂದ ಗೌರಿ ಹೂ ಬರುತ್ತೆ. ಅದನ್ನ ಬೆಕ್ಕಿಗೆ ಎಟುಕೋ ಹಾಗೆ ಇಡಬೇಡಿ. ಇಷ್ಟು ಹೇಳೋಕೇ ಬಂದಿದ್ದೀನಿ.

“ದೇವರಿಗೆ ಇಡೋ ಹೂ ಅಲ್ವಾ ಡಾಕ್ಟ್ರೇ, ಏನಾಗುತ್ತೆ?” ಅಂತಾರೆ. ದೇವರಿಗೆ ಎಕ್ಕವನ್ನೂ ಇಡ್ತೀವಿ, ಉಮ್ಮತ್ತಿಯನ್ನೂ ಏರಿಸ್ತೀವಿ. ಶಿವ ವಿಷ ಕುಡಿದು ದಕ್ಕಿಸಿಕೊಂಡ. ಬೆಕ್ಕಿಗೆಲ್ಲಿಯ ನೀಲಕಂಠನ ಯೋಗ!

ನಾನು ಆಗಷ್ಟೇ ಓದು ಮುಗಿಸಿದ್ದೆ. ಅಮ್ಮ ಗೌರಿ ಮಂಟಪದ ಕಂಬಕ್ಕೆ ಇಡೀ ಬಳ್ಳಿಯನ್ನೇ ಸುತ್ತಿದ್ದಳು. ಈ ಬಳ್ಳಿಯ ಎಲೆ ನೋಡಿದ್ದೀರಲ್ಲ, ತುದಿ ಸುರುಳಿ ಸುತ್ತಿಕೊಂಡು ಸ್ಪ್ರಿಂಗಿನ ಹಾಗೆ ಜೋತಾಡ್ತಿರುತ್ತೆ. ಬೆಕ್ಕಿಗೆ ಇನ್ನೇನು ಬೇಕು? ನಮ್ಮ ಪುಟ್ಟಿ ಕಾಲೆತ್ತಿ ಹೊಡೆಯೋದು, ಕಚ್ಚೋದು. ಅಮ್ಮ “ಓಡಿಸಬೇಡ ಕಣೋ, ಗೌರಿ ಮುಂದೆ ಆಡ್ತಿದೆ” ಅಂದಳು. ಡಾಕ್ಟ್ರಾದ ನಾನೂ ನಕ್ಕೊಂಡು ಕೂತಿದ್ದೆ. ರಾತ್ರಿ ವಾಂತಿ, ಬೆಳಗ್ಗೆ ರಕ್ತಭೇದಿ. ಸಲೈನ್ ಕೊಟ್ಟೆ, ಮೂರನೇ ದಿನ ಹೋಯ್ತು. ಹೂವೆಲ್ಲ ಹಾಗೇ ಇತ್ತು. ಕಚ್ಚಿದ್ದು ನಾಲ್ಕೈದು ಎಲೆ ತುದಿ, ಅಷ್ಟೇ.

ಅದರಲ್ಲಿರೋ ವಿಷ ಕಾಲ್ಚಿಸಿನ್. ಗೌಟ್ ಅನ್ನೋ ಕೀಲುನೋವಿಗೆ ಅದೇ ಮದ್ದು, ಒಂದು ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ. ಅದಕ್ಕಂತಲೇ ತಮಿಳುನಾಡಲ್ಲಿ ಹೊಲದಲ್ಲಿ ಬೆಳೆದು ಬೀಜ ಮಾರ್ತಾರೆ. ಅವರ ರಾಜ್ಯಪುಷ್ಪವೂ ಅದೇ. ಜೀವಕೋಶ ಒಂದು ಎರಡಾಗೋದನ್ನ ಅದು ತಡೆಯುತ್ತೆ. ದೇಹದಲ್ಲಿ ದಿನಾ ಹೊಸದಾಗ್ತಾ ಇರೋದು ಕರುಳಿನ ಒಳಪದರ, ಮೂಳೆಯ ಮಜ್ಜೆ. ಮೊದಲ ಪೆಟ್ಟು ಅಲ್ಲಿಗೇ.

ಬೆಂಗಳೂರಿನ ಮಕ್ಕಳು ಫೋನ್ ಮಾಡ್ತಾರೆ, “ಗ್ಲೋರಿ ಲಿಲ್ಲಿ ಅಂದ್ರೆ ಇದೇ ಅಲ್ವಾ, ಕಿಡ್ನಿ ಹೋಗುತ್ತಂತೆ?” ಹೆಸರಲ್ಲಿ ಲಿಲ್ಲಿ ಇದೆ, ಕುಲ ಬೇರೆ. ಕಿಡ್ನಿ ಕೆಡಿಸೋದು ನೀವು ಬೊಕೆಯಲ್ಲಿ ತರ್ತೀರಲ್ಲ, ಆ ಲಿಲಿಯಂ. ಅದರ ಪರಾಗ ಮೈಗೆ ಮೆತ್ತಿ, ಬೆಕ್ಕು ನೆಕ್ಕಿಕೊಂಡರೂ ಸಾಕು. ಹೂದಾನಿಯ ನೀರೂ ಅಪಾಯವೇ. ನಾಯಿಗೆ ಹೊಟ್ಟೆ ಕೆಡಬಹುದು, ಕಿಡ್ನಿ ಕಳಕೊಳ್ಳೋದು ಬೆಕ್ಕೇ. ಅದನ್ನೂ ದೇವರ ಮನೇಲಿ ಇಡೋರಿದ್ದಾರೆ, ಮತ್ತೆ ಅದೇ ಮಾತು, ದೇವರಿಗೆ ಇಡೋ ಹೂ!

ಚೀಟಿ ಬಂತು. ಆಯ್ತು ಸ್ವಾಮಿ, ಮುಗಿಸ್ತೀನಿ. ಕಚ್ಚಿದ್ದು ಕಂಡರೆ ವಾಂತಿ ಆಗಲಿ ಅಂತ ಕಾಯಬೇಡಿ, ಉಪ್ಪುನೀರು ಕುಡಿಸಬೇಡಿ, ಬಳ್ಳಿಯ ಒಂದು ತುಂಡು ಹಿಡ್ಕೊಂಡು ನೇರ ಡಾಕ್ಟ್ರ ಹತ್ರ ಹೋಗಿ. ಹಸಿರು ಬೇಕು ಅಂತ ಬೆಕ್ಕು ಕಾಟ ಕೊಟ್ಟರೆ ಗರಿಕೆ ಇದೆ. ಗಣಪತಿಗೆ ತಂದಿರ್ತೀರಲ್ಲ, ಅದರಲ್ಲೇ ನಾಲ್ಕು ಎಸಳು.

ಗೌರಿ ಹೂವಿನ ಗೆಡ್ಡೆಯ ವಿಷಯ ಉಳೀತು. ನೇಗಿಲ ಆಕಾರ ಇರುತ್ತೆ, ತಿನ್ನೋ ಗೆಣಸು ಅಂತ ತಿಂದು ಮನುಷ್ಯರೇ ಸತ್ತಿದ್ದಾರೆ. ಊಟಕ್ಕೆ ಸುವರ್ಣಗೆಡ್ಡೆ ಹುಳಿ ಇದೆಯಂತೆ. ಅದು ಬೇರೆ ಗೆಡ್ಡೆ, ಧೈರ್ಯವಾಗಿ ಬಡಿಸ್ಕೊಳ್ಳಿ.