ಕೆಂಚಿಯ ಜೊತೆ ಮಲ್ಲೇಶ್ವರದ ಕ್ರಾಸುಗಳಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಯಿ ಸಾಕಬೇಕು ಅಂತಿದ್ದೀವಿ, ಯಾವ ಜಾತಿಯದು ತರೋಣ ಅಂತ ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರ ಬೀದಿಯನ್ನು. ಮನೆಯಿಂದ ಹೊರಗೆ ಕಾಲಿಟ್ಟರೆ ಅರ್ಧ ಗಂಟೆ ನೆಮ್ಮದಿಯಾಗಿ ನಡೆಯಲು ಜಾಗ ಇದೆಯೇ? ಇದ್ದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲೂ ನಾಯಿ ಸುಖವಾಗಿರುತ್ತದೆ. ಇಲ್ಲದಿದ್ದರೆ ದೊಡ್ಡ ಬಂಗಲೆಯ ಕಾಂಪೌಂಡಿನಲ್ಲೂ ಗೇಟಿನ ಸಂದಿಗೆ ಮೂತಿ ಒತ್ತಿಕೊಂಡು ಹೋಗೋ ಬರೋರಿಗೆಲ್ಲ ಬೊಗಳುತ್ತಾ ದಿನ ಕಳೆಯುತ್ತದೆ. ಹೀಗೆ ಬೊಗಳುವ ನಾಯಿಗಳನ್ನು ಜನ ‘ಕೆಟ್ಟ ನಾಯಿ’ ಅಂತಾರೆ. ನನ್ನ ಕಣ್ಣಿಗೆ ಅವು ಹೊರಗೆ ಹೋಗಲಾರದೆ ಬೇಸತ್ತ ನಾಯಿಗಳು.

ನಾನಿರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕಿರುವ ಹೊಸ ಬಡಾವಣೆಗಳಿಗೆ ಊರು ಸರಿಯಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದದ್ದು ಹಾಗೆ. ಉದ್ದಕ್ಕೆ ಮೇನುಗಳು, ಅಡ್ಡಕ್ಕೆ ಕ್ರಾಸುಗಳು, ಮನೆಗಳ ಬೆನ್ನಿಗೆ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು. ಕಾರು ಇಲ್ಲದವರಿಗಾಗಿ ಕಟ್ಟಿದ ಊರು ಇದು. ಆದ್ದರಿಂದಲೇ ಇವತ್ತಿಗೂ ಎಂಟನೇ ಕ್ರಾಸಿನ ಹೂವು ಹಣ್ಣು, ಕಾಡು ಮಲ್ಲೇಶ್ವರನ ಗುಡಿ, ಔಷಧಿ ಅಂಗಡಿ, ರೈಲ್ವೆ ಸ್ಟೇಷನ್ನು, ಆ ಕಡೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ, ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲೇ ಇವೆ. ನಾಯಿ ಸಾಕುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ.

ನಮ್ಮ ಕೆಂಚಿ ಬೀದಿಯಲ್ಲೇ ಹುಟ್ಟಿದವಳು. ನಮ್ಮ ಕ್ರಾಸಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಕಾವಲಿಗಿದ್ದ ಯಾದಗಿರಿ ಕಡೆಯ ಸಂಸಾರ ತಗಡಿನ ಶೆಡ್ಡಿನಲ್ಲಿ ಇವಳನ್ನು ಸಾಕಿಕೊಂಡಿತ್ತು. ಕಟ್ಟಡ ಮುಗಿಯಿತು, ಅವರು ಮುಂದಿನ ಸೈಟಿಗೆ ಹೊರಟರು. ಆ ತಾಯಿ ಬಂದು, ‘ಅಲ್ಲಿ ನಾಯಿ ಬಿಡಂಗಿಲ್ಲ ಅಂತಾರ್ರೀ, ಇದನ್ನ ನೀವ ನೋಡ್ಕೋರಿ’ ಅಂದಳು. ನಗರದಲ್ಲಿ ಎಷ್ಟೋ ನಾಯಿಗಳು ಬೀದಿಪಾಲಾಗುವುದು ಹೀಗೆಯೇ. ಸಾಕಿದವರಿಗೆ ಪ್ರೀತಿ ಕಡಿಮೆಯಾಗಿ ಬಿಟ್ಟುಹೋದರು ಅಂದುಕೊಳ್ಳಬೇಡಿ. ಅವರಿಗೇ ಊರಿನಲ್ಲಿ ನಿಲ್ಲಲು ನೆಲೆಯಿಲ್ಲ.

ಬೆಳಿಗ್ಗೆ ಆರಕ್ಕೆ ಮುಂಚೆ ನಾವು ಹೊರಡುತ್ತೇವೆ. ಆ ಹೊತ್ತಿಗೆ ಬಾಗಿಲು ಸಾರಿಸಿ ರಂಗೋಲಿ ಹಾಕುವ ಕೆಲಸ ನಡೆದಿರುತ್ತದೆ. ಮಲ್ಲೇಶ್ವರದಲ್ಲಿ ನಾಯಿ ಹಿಡಿದುಕೊಂಡು ನಡೆಯುವವರು ಕಲಿಯಬೇಕಾದ ಮೊದಲ ಪಾಠ ರಂಗೋಲಿಯದು. ಫುಟ್‌ಪಾತಿನ ಚಪ್ಪಡಿಯವರೆಗೂ ಎಳೆ ಎಳೆದಿರುತ್ತಾರೆ. ನಾಯಿ ಬಾಗಿಲ ಮುಂದೆ ಬಂದಾಗ ಹಗ್ಗವನ್ನು ಗಿಡ್ಡ ಮಾಡಿ ರಸ್ತೆಯ ಕಡೆಗೆ ಇಳಿಸಿಕೊಳ್ಳಬೇಕು, ದಾಟಿದ ಮೇಲೆ ಸಡಿಲ ಬಿಡಬೇಕು. ಈ ಗಿಡ್ಡ ಮಾಡುವುದು, ಸಡಿಲ ಬಿಡುವುದು ಕೈಗೆ ಅಭ್ಯಾಸವಾಗಿಬಿಟ್ಟರೆ ಬೀದಿಯ ಅರ್ಧ ಜಗಳ ಮುಗಿದ ಹಾಗೆ. ಅವರು ನೀರು ಚಿಮುಕಿಸಿ, ಬಗ್ಗಿ, ಚುಕ್ಕಿ ಇಟ್ಟ ಅಂಗಳ ಅದು. ನಮ್ಮ ನಾಯಿ ಅಲ್ಲಿ ಕಾಲೆತ್ತಿದರೆ ತಪ್ಪು ನಾಯಿಯದಲ್ಲ.

ಬೇಗ ಬೇಗ ನಡೆಸಿಕೊಂಡು ಹೋಗಿ ವಾಕಿಂಗ್ ಮುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಯಿಗೆ ವಾಕಿಂಗ್ ಎಂದರೆ ಮೂಗಿನ ಕೆಲಸ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ ಅಂಥವು ಕೋಟಿಗಟ್ಟಲೆ ಇರುತ್ತವೆ. ಕೆಂಚಿ ಲೈಟುಕಂಬದ ಬುಡದಲ್ಲಿ ನಿಂತಾಗ ನಾನು ಬಗ್ಗಿ ನೋಡುತ್ತೇನೆ. ಮೂಗಿನ ತುದಿ ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಉಸಿರು ಸಣ್ಣ ಸಣ್ಣ ತುಂಡುಗಳಾಗಿ ಒಳಗೆ ಹೋಗುತ್ತದೆ, ಹೊರಗೆ ಬಿಡುವ ಉಸಿರು ಹೊಳ್ಳೆಗಳ ಪಕ್ಕದ ಸೀಳಿನಿಂದ ಆಚೆ ಹೋಗಿ ಕಂಬದ ಬುಡದ ಧೂಳನ್ನು ಎರಡೂ ಬದಿಗೆ ಸ್ವಲ್ಪವೇ ಅಲುಗಿಸುತ್ತದೆ. ಹಾಗೆ ಪಕ್ಕಕ್ಕೆ ಉಸಿರು ಬಿಡುವುದರಿಂದ ಮುಂದಿರುವ ವಾಸನೆ ಕೆಡುವುದಿಲ್ಲ. ಅವಳು ಅಲ್ಲಿ ಓದುತ್ತಿರುವುದು ರಾತ್ರಿ ಯಾರು ಹೋದರು, ಅವರು ಗಂಡೋ ಹೆಣ್ಣೋ ಎಂಬ ಸುದ್ದಿಯನ್ನು. ಹಗ್ಗ ಜಗ್ಗಿ ಎಳೆದರೆ ಓದುತ್ತಿರುವವರ ಕೈಯಿಂದ ಪತ್ರಿಕೆ ಕಿತ್ತುಕೊಂಡ ಹಾಗೆ. ನಿಲ್ಲಲಿ ಬಿಡಿ. ಒಂದು ಕ್ರಾಸು ಕಡಿಮೆ ನಡೆದರೂ ಪರವಾಗಿಲ್ಲ.

ನಿಂತಾಗ ನಮಗೂ ಲಾಭವಿದೆ. ಎಷ್ಟೋ ವರ್ಷ ನಾನು ಈ ಬೀದಿಯಲ್ಲಿ ಓಡಾಡಿದ್ದೆ, ಯಾರ ಪರಿಚಯವೂ ಇರಲಿಲ್ಲ. ಈಗ ಹೂವಿನ ಅಕ್ಕ ಮೊಳ ಹಾಕುತ್ತಲೇ ‘ಏನಮ್ಮಾ ಕೆಂಚಿ, ಇವತ್ತು ಲೇಟು?’ ಅನ್ನುತ್ತಾರೆ. ಹಾಲಿನ ಬೂತಿನವರು, ಪೇಪರ್ ಹುಡುಗರು, ಇಸ್ತ್ರಿ ಗಾಡಿಯ ಅಣ್ಣ, ಎಲ್ಲರಿಗೂ ಅವಳ ಹೆಸರು ಗೊತ್ತು. ನನ್ನ ಹೆಸರು ಇವರಲ್ಲಿ ಹೆಚ್ಚಿನವರಿಗೆ ತಿಳಿಯದು, ನಾನು ‘ಕೆಂಚಿ ಮನೆಯವರು’. ಒಂಟಿಯಾಗಿರುವ ಹಿರಿಯರು ಗೇಟಿನ ಹತ್ತಿರ ನಿಂತು ಇವಳಿಗಾಗಿ ಕಾಯುತ್ತಾರೆ. ಮಕ್ಕಳು ಅಮೆರಿಕದಲ್ಲಿ, ಮಾತಾಡಿಸುವವರು ದಿನಕ್ಕೆ ಒಬ್ಬರೋ ಇಬ್ಬರೋ. ನಾಯಿಯ ತಲೆ ಸವರುತ್ತಾ ಅವರು ಹೇಳಿಕೊಳ್ಳುವ ಮಾತು ಕೇಳಿದರೆ, ಈ ಬೀದಿಗೆ ನಾಯಿ ಎಷ್ಟು ಬೇಕು ಅನ್ನುವುದು ಅರ್ಥವಾಗುತ್ತದೆ.

ಆದರೆ ಹೆದರುವವರೂ ಇದ್ದಾರೆ, ಅವರ ಹೆದರಿಕೆಗೆ ಕಾರಣವಿದೆ. ನಮ್ಮ ಬೀದಿಯ ಒಬ್ಬ ಹಿರಿಯರು ಕೆಂಚಿಯನ್ನು ಕಂಡರೆ ಕೊಡೆ ಅಡ್ಡ ಹಿಡಿದು ನಿಂತುಬಿಡುತ್ತಿದ್ದರು. ಚಿಕ್ಕಂದಿನಲ್ಲಿ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವರು ಅವರು. ಆ ಹಳೆಯ ಲಸಿಕೆಯ ನೋವು ಅನುಭವಿಸಿದ ಒಂದು ತಲೆಮಾರೇ ನಮ್ಮಲ್ಲಿದೆ. ಅಂಥವರಿಗೆ ‘ಏನೂ ಮಾಡಲ್ಲ ಸಾರ್, ಪಾಪದ್ದು’ ಎಂದು ಹೇಳುವುದು ಸರಿಯಲ್ಲ. ಹೇಳುವ ಬದಲು ನಾವೇ ರಸ್ತೆಯ ಆಚೆ ಬದಿಗೆ ದಾಟಬೇಕು. ಫುಟ್‌ಪಾತು ಮೊದಲು ಅವರದು. ನಾನು ದಾಟುತ್ತಾ ಬಂದೆ. ಈಗ ಅವರು ಆಚೆ ಬದಿಯಿಂದಲೇ ಕೈ ಎತ್ತಿ ‘ಊಟ ಆಯ್ತೇನಮ್ಮಾ’ ಎಂದು ಕೆಂಚಿಯನ್ನು ಕೇಳುತ್ತಾರೆ. ಹತ್ತಿರಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಕಚ್ಚಿದರೆ ಏನು ಮಾಡಬೇಕೆಂಬುದನ್ನು ಎಲ್ಲರೂ ತಿಳಿದಿರಬೇಕು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಈಗಿನ ಲಸಿಕೆ ತೋಳಿಗೆ. ಕಚ್ಚಿದ ದಿನ ಒಂದು, ಆಮೇಲೆ ಮೂರನೇ, ಏಳನೇ ದಿನ, ಹೀಗೆ ವೈದ್ಯರು ಬರೆದುಕೊಟ್ಟ ತಾರೀಕುಗಳಲ್ಲಿ ಪೂರ್ತಿ ಹಾಕಿಸಿಕೊಳ್ಳಬೇಕು. ರಕ್ತ ಬರುವ ಗಾಯವಾದರೆ ಅದರ ಸುತ್ತಲೇ ಹಾಕುವ ಇಮ್ಯುನೋಗ್ಲೋಬುಲಿನ್ ಎಂಬ ಇನ್ನೊಂದು ಔಷಧ ಇದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ. ಕಾಣಿಸಿಕೊಳ್ಳುವ ಮುಂಚೆ ಲಸಿಕೆ ಸರಿಯಾಗಿ ಬಿದ್ದರೆ ಪ್ರಾಣ ಉಳಿಯುತ್ತದೆ.

ಇನ್ನು ಬೀದಿ ನಾಯಿಗಳು. 2023ರಲ್ಲಿ ಪಾಲಿಕೆ ಎಣಿಸಿದಾಗ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಸಾಕಿದ ನಾಯಿಯ ಜೊತೆ ನಡೆಯುವವರು ಇವುಗಳ ನಡುವೆಯೇ ನಡೆಯಬೇಕು. ಪ್ರತಿ ಕ್ರಾಸಿಗೂ ಒಂದು ಗುಂಪು, ಪ್ರತಿ ಗುಂಪಿಗೂ ಒಂದು ಗಡಿ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಆ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ, ಜೊತೆಗೆ ರೇಬಿಸ್ ಲಸಿಕೆಯೂ ಆಗಿರುತ್ತದೆ. ಗಡಿಯಲ್ಲಿ ಅವು ಎದ್ದು ನಿಂತಾಗ ಕಲ್ಲಿಗೆ ಬಗ್ಗಬೇಡಿ, ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ. ಹಗ್ಗ ಬಿಗಿಯಾದರೆ ನಿಮ್ಮ ನಾಯಿಗೆ ನಿಮ್ಮ ಭಯ ಮುಟ್ಟುತ್ತದೆ. ಬಿಲ್ಲಿನ ಹಾಗೆ ಬಳಸಿಕೊಂಡು ನಿಧಾನವಾಗಿ ಹೋಗಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೊದಲು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಎಂದಿತು. ಕೆಲವೇ ದಿನದಲ್ಲಿ ಅದನ್ನು ಬದಲಿಸಿ, ರೇಬಿಸ್ ಇರುವ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು, ಊಟ ಹಾಕಲು ಪ್ರತ್ಯೇಕ ಜಾಗ ಗುರುತಿಸಬೇಕು ಎಂದಿತು. ನಾನು ಈ ಎರಡನೇ ಮಾತನ್ನೇ ಒಪ್ಪುವವನು. ಒಂದು ಬೀದಿಯ ನಾಯಿಗಳನ್ನು ತೆಗೆದುಕೊಂಡು ಹೋದರೆ, ಕಸದ ರಾಶಿ ಇರುವ ತನಕ ಆ ಜಾಗಕ್ಕೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬಂದು ಸೇರುತ್ತವೆ.

ಕನ್ನಡ ನಾಡಿನಲ್ಲಿ ನಾಯಿಗೆ ಸಿಕ್ಕ ಗೌರವವನ್ನು ನೋಡಬೇಕಾದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಹತ್ತನೇ ಶತಮಾನದ ಕಲ್ಲು ಅಲ್ಲಿದೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಂದಕ್ಕೆ ಎದುರಾಗಿ ಹೋರಾಡಿತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿರುವ ಚಿತ್ರವಿದೆ. ರಾಜನ ಎದುರು ನಿಂತು ಊರು, ಹೊನ್ನು ಕೇಳದೆ ನಾಯಿಯನ್ನು ಕೇಳಿದವನ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮತ್ತೆ ನಮ್ಮ ಬೀದಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ನಾಯಿಯನ್ನು ಟಾರಿನ ಮೇಲೆ ನಡೆಸಬೇಡಿ. ಅಂಗೈಯ ಹಿಂಬದಿಯನ್ನು ರಸ್ತೆಗೆ ಇಟ್ಟು ನೋಡಿ, ಐದಾರು ಸೆಕೆಂಡು ಇಡಲಾರಿರಾದರೆ ಅದರ ಪಾದವೂ ಸುಡುತ್ತದೆ. ಮಳೆಗಾಲದಲ್ಲಿ ಮನೆಗೆ ಬಂದ ತಕ್ಷಣ ಬೆರಳ ಸಂದಿ, ಕಿವಿಯ ಒಳಮಡಿಕೆಯಲ್ಲಿ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ಕೈಯಾಡಿಸಿ ನೋಡಬೇಕು. ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಒಣಗಿಸಿಬಿಡುತ್ತದೆ. ದೀಪಾವಳಿಯ ಮೂರು ದಿನ ಪಟಾಕಿ ಶುರುವಾಗುವ ಮುಂಚೆಯೇ ವಾಕಿಂಗ್ ಮುಗಿಸಿ, ಕೊರಳ ಪಟ್ಟಿಯಲ್ಲಿ ಫೋನ್ ನಂಬರ್ ಇರಲಿ. ಬೆದರಿ ಓಡಿದ ನಾಯಿಗಳು ಹೆಚ್ಚಾಗಿ ಕಳೆದುಹೋಗುವುದು ಆ ರಾತ್ರಿಗಳಲ್ಲೇ.

ಹೇಲು ಎತ್ತುವ ಮಾತನ್ನು ಬಾನುಲಿಯಲ್ಲಿ ಹೇಳಬಹುದೋ ಇಲ್ಲವೋ, ಹೇಳಿಬಿಡುತ್ತೇನೆ. ಕಿಸೆಯಲ್ಲಿ ಹಳೆಯ ಪೇಪರ್ ಇಟ್ಟುಕೊಳ್ಳಿ, ಎತ್ತಿ, ಸುತ್ತಿ ಮನೆಗೆ ತನ್ನಿ, ಹಸಿ ಕಸಕ್ಕೆ ಸೇರಿಸದೆ ಡಯಾಪರಿನಂಥ ಸ್ಯಾನಿಟರಿ ಕಸದ ಜೊತೆ ಕೊಡಿ. ಬೆಳಗಿನ ಜಾವ ಬೀದಿ ಗುಡಿಸುವವರು ಪೌರಕಾರ್ಮಿಕ ಹೆಣ್ಣುಮಕ್ಕಳು. ನಾವು ಬಿಟ್ಟುಹೋದದ್ದನ್ನು ಅವರ ಪೊರಕೆಗೆ ಬಿಡುವುದು ದೊಡ್ಡ ಅನ್ಯಾಯ. ನಾಯಿ ಸಾಕುವವರ ಮೇಲೆ ಬೀದಿಗೆ ಇರುವ ಸಿಟ್ಟಿನಲ್ಲಿ ಮುಕ್ಕಾಲು ಭಾಗ ಇದರಿಂದಲೇ ಹುಟ್ಟಿದ್ದು, ಅದು ನ್ಯಾಯವಾದ ಸಿಟ್ಟು. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವ ಹಾಗಿಲ್ಲ, ಬಹುಮತದಿಂದಲೂ ಹಾಗೆ ನಿಯಮ ಮಾಡುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆ ಸುತ್ತೋಲೆಯನ್ನು ಹಿಡಿದು ವಾದ ಮಾಡುವ ಹಕ್ಕು ನಮಗೆ ಬರಬೇಕಾದರೆ ಕೈಯಲ್ಲಿ ಹೇಲು ಎತ್ತುವ ಆ ಹಳೆಯ ಪೇಪರ್ ಇರಲೇಬೇಕು.

ಕೆಂಚಿಗೆ ವಯಸ್ಸಾಗುತ್ತಿದೆ. ಎತ್ತರದ ಫುಟ್‌ಪಾತ್ ಹತ್ತುವಾಗ ಒಂದು ಕ್ಷಣ ನಿಲ್ಲುತ್ತಾಳೆ. ಅವಳು ನಿಲ್ಲುವ ಜಾಗದಲ್ಲೇ ಕೋಲು ಹಿಡಿದ ಅಜ್ಜಿಯರೂ ನಿಲ್ಲುವುದನ್ನು ಈಗ ಗಮನಿಸುತ್ತಿದ್ದೇನೆ. ಎದ್ದ ಚಪ್ಪಡಿ, ಮೇಲೆ ನಿಲ್ಲಿಸಿದ ಸ್ಕೂಟರ್, ಇದ್ದಕ್ಕಿದ್ದಂತೆ ಇಳಿಯುವ ಒಂದಡಿ ಮೆಟ್ಟಿಲು, ಇಬ್ಬರಿಗೂ ಇವೇ ಅಡ್ಡಿ. ವಾರ್ಡಿನ ಸಭೆ ನಡೆದಾಗ ನಾಯಿ ಸಾಕುವವರೂ ಹೋಗಿ ಈ ಫುಟ್‌ಪಾತುಗಳ ಬಗ್ಗೆ ಕೇಳಬೇಕು. ನಾನು ಕೇಳುತ್ತಿದ್ದೇನೆ.

ಕೊನೆಯದಾಗಿ ಒಂದು ವಿಷಯ. ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನ ಎಂದು ಆಚರಿಸುತ್ತಾರೆ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನಾಯಿಗಳಿಗೆ ಉಚಿತವಾಗಿ ರೇಬಿಸ್ ಲಸಿಕೆ ಹಾಕುತ್ತಾರೆ. ಮರಿಗೆ ಮೂರು ತಿಂಗಳು ತುಂಬಿದ್ದರೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ. ನಿಮ್ಮ ಬೀದಿಯಲ್ಲಿ ನೀವು ಅನ್ನ ಹಾಕುವ, ಕೈಗೆ ಸಿಗುವ ನಾಯಿ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ, ಲಸಿಕೆಯ ಪುಸ್ತಕ ಮರೆಯಬೇಡಿ. ನಾನು, ಕೆಂಚಿ ನಡೆದೇ ಹೋಗುತ್ತೇವೆ.

ನಮಸ್ಕಾರ.