ಎರಡು ಚೌಕಗಳ ನಡುವೆ

ಕೇಳುಗರಿಗೆ ನಮಸ್ಕಾರ. ಇವತ್ತು ನನ್ನ ಮಾತು ಮುಖ್ಯವಾಗಿ ಚಳ್ಳಕೆರೆ, ಹೊಳಲ್ಕೆರೆ, ಮೊಳಕಾಲ್ಮುರು ಕಡೆಯ ಮೇಷ್ಟ್ರು, ಟೀಚರಮ್ಮಂದಿರ ಜೊತೆ. ಬೆಳಿಗ್ಗೆ ಪೇಪರು ಓದಿ ಮುಗಿಸಿದ ಮೇಲೆ ಅದರಲ್ಲಿನ ಚಿತ್ರಕಥೆಯನ್ನು ಕತ್ತರಿಸಿಟ್ಟುಕೊಳ್ಳಿ. ಮಕ್ಕಳ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ: ‘ನಿನಗೆ ಹೇಗೆ ಗೊತ್ತಾಯ್ತು?’

ಹಿರಿಯೂರು ತಾಲ್ಲೂಕಿನ ಒಂದು ಶಾಲೆ, ಐದನೇ ತರಗತಿ. ನಾನು ಒಯ್ದದ್ದು ಮೂರೇ ಚೌಕದ ಚಿತ್ರ. ಮೊದಲನೆಯದರಲ್ಲಿ ಕಟ್ಟೆ ಮೇಲೆ ಹಾಲಿನ ಪಾತ್ರೆ, ಪಕ್ಕದಲ್ಲಿ ಚೆಂಡು ಹಿಡಿದ ಹುಡುಗ. ಎರಡನೆಯದರಲ್ಲಿ ಬರೀ ದಪ್ಪಕ್ಷರದ ‘ಧಡಾರ್!’ ಮೂರನೆಯದರಲ್ಲಿ ಹಾಲೆಲ್ಲ ನೆಲದ ಮೇಲೆ, ಅಲ್ಲೊಂದು ಬೆಕ್ಕು, ಪೊರಕೆ ಎತ್ತಿದ ಅಮ್ಮ, ಬಾಗಿಲಲ್ಲಿ ಹುಡುಗ. ಚೆಲ್ಲಿದ್ದು ಯಾರು ಅಂದೆ. ‘ಬೆಕ್ಕು ಸಾ!’ ಇಡೀ ತರಗತಿ ಕೂಗಿತು. ಹೇಗೆ ಗೊತ್ತಾಯ್ತು ಅಂದೆ. ಎಲ್ಲರೂ ಗಪ್‌ಚಿಪ್. ಹಿಂದಿನ ಸಾಲಿನ ಹುಡುಗಿ ಎದ್ದು ಬಂದು ‘ಧಡಾರ್’ ಮೇಲೆ ಬೆರಳಿಟ್ಟಳು. ‘ಬೀಳ್ಸಿದ್ದನ್ನ ಇಲ್ಲಿ ಬರ್ದೇ ಇಲ್ಲ ಸಾ. ಚೆಲ್ಲಿದ ಮೇಲೆ ಬೆಕ್ಕು ವಾಸನೆ ಹಿಡ್ಕಂಡು ಬಂದಿರಬೌದು.’ ಇನ್ನೊಬ್ಬ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ‘ಹುಡುಗನ ಕೈಯಾಗೆ ಚೆಂಡೇ ಇಲ್ಲ!’ ಅಂದ. ಸರಿ, ಈಗ ಎಲ್ಲರಿಗೂ ಹುಡುಗನೇ ತಪ್ಪಿತಸ್ಥ. ಮತ್ತೆ ಕೇಳಿದೆ, ಹೇಗೆ ಗೊತ್ತಾಯ್ತು? ಕೈಯಲ್ಲಿ ಚೆಂಡಿಲ್ಲ ಅನ್ನೋದು ಕಂಡದ್ದು. ಪಾತ್ರೆಗೆ ಚೆಂಡು ತಗುಲಿತು ಅನ್ನೋದು ಊಹಿಸಿದ್ದು. ಬೋರ್ಡಿನ ಮೇಲೆ ಎರಡು ಪಟ್ಟಿ ಮಾಡಿದೆವು. ಪೀರಿಯಡ್ ಮುಗಿದರೂ ಊಹಿಸಿದ್ದರ ಪಟ್ಟಿ ಬೆಳೆಯುತ್ತಲೇ ಇತ್ತು!

ಇದೇನು ಮಕ್ಕಳಾಟ ಅನ್ನಬೇಡಿ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅವನ ಜೊತೆ ಕಾರಿನಲ್ಲಿ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಕಂಡದ್ದು ಚಾಕೊಲೇಟ್. ಮಿಕ್ಕಿದ್ದೆಲ್ಲ ಊಹೆ.

ಹೈಸ್ಕೂಲಿನವರು ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಒಯ್ಯಿರಿ. ಚೌಕಳಿ ಕೋಟಿನ ಆ ಮನುಷ್ಯ ಬಾಯೇ ಬಿಡೋದಿಲ್ಲ. ಅವನ ಮನಸ್ಸಿನಲ್ಲಿ ಏನಿದೆ, ಅದು ಹೇಗೆ ಗೊತ್ತಾಯ್ತು ಅಂತ ಕೇಳಿ. ರಾಜಕೀಯ ಚಿತ್ರಗಳ ಬಗ್ಗೆ ಹೇಳೋದು ಬಹಳ ಇತ್ತು, ಸಮಯ ಆಗ್ತಾ ಬಂತು.

ಒಂದು ಮಾತು ಮಾತ್ರ ಹೇಳಿಬಿಡ್ತೀನಿ. ಕೆಲವರು ಚಿತ್ರದ ಅರ್ಥವನ್ನು ತಾವೇ ಬಿಡಿಸಿ ನೋಟ್ಸ್ ಬರೆಸ್ತಾರೆ. ದಯವಿಟ್ಟು ಬೇಡ. ಕೊನೆಯ ಚೌಕ ಮಡಚಿಡಿ, ಪ್ರಶ್ನೆ ಕೇಳಿ, ಆಮೇಲೆ ಹತ್ತು ನಿಮಿಷ ಸುಮ್ಮನೆ ನಿಂತುಕೊಳ್ಳಿ. ನಮಸ್ಕಾರ.